ಅಲಬಾಮಾದ ದಂಡು, ನನ್ನ ಕೊರಳಿನ ಗಂಟು

ಈಚೆಗೆ ಪರಿಚಯದ ಹುಡುಗಿಯೊಬ್ಬಳು ಫೋನು ಮಾಡಿದಳು. “ಆಂಟಿ, ನಿಮಗೂ ಹಿಂದೆ ಅದು ಆಗಿತ್ತಂತಲ್ಲ?” ಎಂದು ಕೇಳಿದಳು. ಕಾಯಿಲೆಯ ಹೆಸರು ಅವಳ ಬಾಯಲ್ಲಿ ಬರಲಿಲ್ಲ. ಮನೆಯಲ್ಲಿ ಅತ್ತೆ ಇದ್ದಾರೆಂದು ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡು ಮಾತಾಡುತ್ತಿದ್ದಳಂತೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಹಾಗೆ ಗಾಜು ಏರಿಸಿಕೊಂಡು ಕೂತವರು ಇನ್ನೂ ಎಷ್ಟು ಜನ ಇದ್ದಾರೋ.

ನನಗೆ ಆಗಿದ್ದು ಕ್ಷಯ. ಆ ಒಂದು ವರ್ಷದಲ್ಲಿ ಮಾತ್ರೆಗಿಂತ ಹೆಚ್ಚಾಗಿ ನಾನು ನುಂಗಿದ್ದು ಸಂಶಯವನ್ನು. ಬೇರೆಯವರು ನನ್ನ ಮೇಲೆ ಪಟ್ಟದ್ದು ಸ್ವಲ್ಪ, ನಾನು ಅವರ ಮೇಲೆ ಪಟ್ಟದ್ದು ಅದಕ್ಕಿಂತ ಬಹಳ.

ಎಂಬತ್ತರ ದಶಕದ ನಡುವಿನ ಮಾತು. ನಾವು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಗಂಡ ರಘು ಬೆಂಗಳೂರಿನವರು, ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಎಂಜಿನಿಯರು. ನಾನು ಮಂಗಳೂರಿನವಳು, ಇತಿಹಾಸದಲ್ಲಿ ಎಂ.ಎ. ಓದಿದವಳು. ಮಗಳು ಅನಘಾ ಡೇಕೇರಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಗ್ರೋಸರಿ ಅಂಗಡಿಯ ಬಾಗಿಲಲ್ಲಿ ‘ಟೈಪ್ ಮಾಡುವವರು ಬೇಕು’ ಎಂದು ಅಂಟಿಸಿದ್ದ ಚೀಟಿ ನೋಡಿಕೊಂಡು ನಾನು ಪಕ್ಕದೂರು ಲಾಸ್ ಆಲ್ಟೋಸಿನ ಮಿಸೆಸ್ ಹಾರ್ಗ್ರೋವ್ ಅವರ ಮನೆಗೆ ಕೆಲಸಕ್ಕೆ ಸೇರಿದ್ದೆ.

ಮಿಸೆಸ್ ಹಾರ್ಗ್ರೋವ್ ಎಪ್ಪತ್ತು ದಾಟಿದ ವಿಧವೆ. ಹುಟ್ಟಿದ್ದು ಅಲಬಾಮಾದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದ ಗಂಡನ ಹಿಂದೆ ಕ್ಯಾಲಿಫೋರ್ನಿಯಾಕ್ಕೆ ಬಂದು ಇಲ್ಲೇ ನಿಂತವರು. ಅವರ ತಾಯಿಯ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಅಲಬಾಮಾದ ಒಂದು ಸ್ವಯಂಸೇವಕ ಪದಾತಿ ರೆಜಿಮೆಂಟಿನಲ್ಲಿ ಲೆಫ್ಟಿನೆಂಟ್ ಆಗಿದ್ದರು. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕೆಂದು ದೇಶದಿಂದ ಸಿಡಿದು ಬೇರೆಯಾದ ದಕ್ಷಿಣದ ರಾಜ್ಯಗಳ, ಕಾನ್ಫೆಡರೇಟ್ ಎಂದು ಕರೆಸಿಕೊಂಡ ಪಕ್ಷದ ದಂಡು ಅದು. ಆ ದಂಡಿನ ಯುದ್ಧಕಾಲದ ಕಥೆಯನ್ನು ತಾನು ಸಾಯುವ ಮೊದಲು ಪುಸ್ತಕ ಮಾಡಬೇಕೆಂದು ಮುದುಕಿಯ ಹಟ.

“ನೀವು ದಕ್ಷಿಣದವರೂ ಅಲ್ಲ, ಉತ್ತರದವರೂ ಅಲ್ಲ. ನಿಮಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಅದಕ್ಕೇ ನಿಮ್ಮನ್ನು ಇಟ್ಟುಕೊಂಡೆ,” ಎಂದು ಮೊದಲ ದಿನ ಹೇಳಿದರು. ಅವರ ಇಂಗ್ಲಿಷು ಎಳೆದೆಳೆದು ಬರುತ್ತಿತ್ತು, ಬೆಲ್ಲದ ಪಾಕದ ಹಾಗೆ. ನಾನು ತಲೆಯಾಡಿಸಿದೆ. ಬೇರೆ ಯಾರೂ ಬಂದಿರಲಿಕ್ಕಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವರು ತಮ್ಮ ಟಿಪ್ಪಣಿ ನೋಡಿಕೊಂಡು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹೊಲ ಉಳುತ್ತಿದ್ದ ಹುಡುಗರು ಬ್ಯಾಂಡು ಬಾರಿಸಿಕೊಂಡು ಸೇರಿದ್ದು, ಹೆಂಗಸರು ರೇಷ್ಮೆಯ ಬಾವುಟ ಹೊಲಿದುಕೊಟ್ಟದ್ದು, ಎಲ್ಲವೂ ವಿಸ್ತಾರವಾಗಿ ಬಂತು. ಆಮೇಲೆ ಒಂದೇ ವಾಕ್ಯದಲ್ಲಿ, ‘ಆ ಚಳಿಗಾಲವನ್ನು ರೆಜಿಮೆಂಟು ಶಿಬಿರದಲ್ಲಿ ಕಳೆಯಿತು’ ಎಂದು ಹೇಳಿ ಪುಟ ತಿರುವಿದರು. ಅವರು ತರಿಸಿಟ್ಟಿದ್ದ ಹಾಜರಿ ಪಟ್ಟಿಯ ನಕಲುಗಳನ್ನು ನಾನೂ ಓದುತ್ತಿದ್ದೆ. ಆ ಚಳಿಗಾಲದ ಪುಟಗಳಲ್ಲಿ ಒಂದರ ಹಿಂದೊಂದು ಹೆಸರಿನ ಮುಂದೆ ‘ಶಿಬಿರದಲ್ಲಿ ಮರಣ, ದಡಾರ’ ಎಂದೇ ಇತ್ತು. ಗುಂಡಿನ ಸದ್ದು ಕೇಳುವ ಮೊದಲೇ ಹೋದವರು.

“ಇವರ ವಿಷಯ ಬರೆಯುವುದು ಬೇಡವಾ?” ಎಂದು ಕೇಳಿದೆ.

“ಓದುವವರಿಗೆ ಕಾಯಿಲೆ ಬೇಕಾಗಿಲ್ಲ, ಪದ್ಮಜಾ. ಅವರನ್ನು ಬೇಗ ಯುದ್ಧಕ್ಕೆ ತಲುಪಿಸಿ.” ನನ್ನ ಹೆಸರನ್ನು ಅವರು ಒಂದೊಂದೇ ಅಕ್ಷರ ಬಿಡಿಸಿ, ತಪ್ಪಿಲ್ಲದೆ ಹೇಳುತ್ತಿದ್ದರು.

“ಅಷ್ಟು ಜನ ಮಲಗಿದ್ದಾಗ ನೋಡಿಕೊಂಡವರು ಯಾರು?”

“ಅಧಿಕಾರಿಗಳು ಮನೆಯಿಂದ ಆಳುಗಳನ್ನು ಕರೆದುಕೊಂಡು ಹೋಗಿದ್ದರು. ಅಡಿಗೆ, ಆರೈಕೆ, ಬಟ್ಟೆ, ಎಲ್ಲ ಅವರೇ.”

“ಆಳುಗಳು ಅಂದರೆ ಗುಲಾಮರು?”

“ಅವರು ಮನೆಯವರ ಹಾಗೇ ಇದ್ದರು,” ಎಂದರು.

ಈ ಮಾತನ್ನು ನಾನು ಮಂಗಳೂರಿನಲ್ಲೂ ಕೇಳಿದ್ದೆ. ಯಾರನ್ನು ಮನೆಯವರ ಹಾಗೆ ಎನ್ನುತ್ತಿದ್ದರೋ ಅವರು ಅಂಗಳದಲ್ಲಿ ಕೂತು ಉಣ್ಣುತ್ತಿದ್ದರು. ಹಾಗಾಗಿ ಮುದುಕಿ ಹೇಳುವ ಯಾವ ಮಾತನ್ನೂ ಪೂರ್ತಿ ನಂಬಬಾರದೆಂದು ಅಂದೇ ನಿಶ್ಚಯಿಸಿದೆ.

ಆ ದಿನಗಳಲ್ಲೇ ಅನಘಾ ನನ್ನ ಕೊರಳಿಗೆ ಜೋತುಬಿದ್ದು ಆಡುತ್ತಿದ್ದವಳು ಕೈ ನಿಲ್ಲಿಸಿ, “ಅಮ್ಮಾ, ಯು ಹ್ಯಾವ್ ಎ ಮಾರ್ಬಲ್ ಹಿಯರ್,” ಎಂದಳು. ಕಿವಿಯ ಕೆಳಗೆ ಗೋಲಿಯಷ್ಟು ದೊಡ್ಡ ಗಂಟು. ಮುಟ್ಟಿದರೆ ನೋವಿಲ್ಲ. ನೋವಿಲ್ಲದ್ದೇ ನನಗೆ ಸರಿ ಕಾಣಲಿಲ್ಲ.

ಮೊದಲ ಡಾಕ್ಟರು ಗಂಟಲು ನೋಡಿ ಮಾತ್ರೆ ಬರೆದುಕೊಟ್ಟರು. ಗಂಟು ಕರಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ಒಣ ಕೆಮ್ಮು, ಸೀರೆಯ ನೆರಿಗೆ ಒಂದು ಹೆಚ್ಚು ಹಿಡಿಯಬೇಕಾಗಿ ಬಂದದ್ದು, ಇವೆಲ್ಲ ಒಂದರ ಹಿಂದೆ ಒಂದು ಬಂದವು. ಎರಡನೆಯವರು ತಜ್ಞರು. ಅವರ ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿಯೊಂದಿತ್ತು. ಎಲ್ಲರೂ ಅದನ್ನೇ ನೋಡುತ್ತ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಯಾರಿಗೂ ಇದ್ದಂತೆ ಕಾಣಲಿಲ್ಲ. ತೀರಾ ಬಡಕಲಾದ ಒಬ್ಬ ಯುವಕನ ಎರಡೂ ಕಡೆ ಕುರ್ಚಿಗಳು ಖಾಲಿ ಇದ್ದವು. ನಾನೂ ದೂರವೇ ಕೂತೆ.

ಒಳಗೆ ಡಾಕ್ಟರು, ಎಂದಾದರೂ ರಕ್ತ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದರು. ಅನಘಾ ಹುಟ್ಟಿದಾಗ ರಕ್ತಸ್ರಾವವಾಗಿ ಕೊಟ್ಟಿದ್ದರು ಎಂದೆ.

“ಎಲ್ಲಿ?”

“ಸ್ಯಾನ್ ಫ್ರಾನ್ಸಿಸ್ಕೋದಲ್ಲಿ.”

ಬರೆಯುತ್ತಿದ್ದ ಅವರ ಪೆನ್ನು ನಿಂತಿತು. ಆ ಕಾಲದಲ್ಲಿ ಈ ಊರಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್ ಹಬ್ಬಿತ್ತು; ಪೇಪರು, ಟೀವಿ ಎಲ್ಲಿ ನೋಡಿದರೂ ಅದರದೇ ಸುದ್ದಿ. ರಕ್ತದಿಂದ ಬರುತ್ತದೆಂದು ಗೊತ್ತಾಗಿತ್ತು. ಅದನ್ನು ಕಂಡುಹಿಡಿಯುವ ಪರೀಕ್ಷೆ ಹೊಸದಾಗಿ ಬಂದಿತ್ತು. ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ರಘುವನ್ನು ಒಬ್ಬರನ್ನೇ ಒಳಗೆ ಕರೆದರು.

ವಾಪಸು ಬರುವಾಗ ಫ್ರೀವೇ ಮೇಲೆ ರಘು ರಸ್ತೆಯನ್ನೇ ನೋಡುತ್ತ ಹೇಳಿದರು. “ನನ್ನ ಏನು ಕೇಳಿದ್ರು ಗೊತ್ತೇನೇ?”

“ಎಂತ ಕೇಳಿದ್ರು?”

“ನಂಗೆ ಬೇರೆ ಯಾರ ಜೊತೆಗಾದ್ರೂ ಸಂಬಂಧ ಇತ್ತಾ ಅಂತ. ಹೆಂಗಸ್ರೋ ಗಂಡಸ್ರೋ, ಯಾರಾದ್ರೂ.”

“ನೀವು ಎಂತ ಹೇಳಿದ್ರಿ?”

ರಘು ನನ್ನ ಕಡೆ ತಿರುಗಿದರು. “ಏನು ಹೇಳ್ತೀನಿ ಅಂತ ನಿಂಗೆ ಗೊತ್ತಿಲ್ವಾ?”

ಗೊತ್ತು ಎಂದು ತಕ್ಷಣ ಹೇಳಬೇಕಿತ್ತು. ನಾನು ಒಂದು ಉಸಿರಿನಷ್ಟು ತಡ ಮಾಡಿದೆ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ, ಡಾಕ್ಟರೊಬ್ಬರು ತಮ್ಮ ಕೆಲಸಕ್ಕೆ ಬೇಕಾದ ಒಂದು ಪ್ರಶ್ನೆ ಕೇಳಿದ್ದಕ್ಕೆ, ಅವರ ಅಂಗಿಯ ಜೇಬುಗಳನ್ನು ಒಗೆಯುವ ಮೊದಲು ನಾನು ನೋಡತೊಡಗಿದೆ. ಬಸ್ಸಿನ ಟಿಕೇಟು, ಪೆನ್ನಿನ ಮುಚ್ಚಳ, ಇಷ್ಟೇ ಸಿಕ್ಕಿದ್ದು. ಸಿಗದೆ ಇದ್ದದ್ದಕ್ಕೂ ಸಮಾಧಾನವಾಗುತ್ತಿರಲಿಲ್ಲ.

ರಕ್ತದ ಫಲಿತಾಂಶ ಬರುವವರೆಗಿನ ಕಾಯುವಿಕೆ ಯಾರಿಗೂ ಬೇಡ. ಅನಘಾಳ ತಟ್ಟೆಯಿಂದ ನಾನು ತುತ್ತು ತಿನ್ನುವುದನ್ನು ಬಿಟ್ಟೆ. ರಘು ಹಾಲಿನಲ್ಲಿ ಸೋಫಾದ ಮೇಲೆ ಮಲಗತೊಡಗಿದರು. ನನ್ನ ಕೆಮ್ಮಿಗೆ ನಿದ್ದೆ ಬರುವುದಿಲ್ಲ ಎಂದರು. ಅದು ನಿಜವೂ ಇರಬಹುದು. ಒಂದು ದಿನ ಅವರು ಆಫೀಸಿನಿಂದ ಬಂದು ಅಂಗಿಯ ತೋಳು ಮಡಚಿದಾಗ ಮೊಣಕೈಯ ಒಳಗೆ ಚಿಕ್ಕ ಪಟ್ಟಿ ಅಂಟಿಸಿದ್ದು ಕಂಡಿತು.

“ಎಂತ ಅದು?”

“ನಂದೂ ಕೊಟ್ಟು ಬಂದೆ. ನಿನ್ನೊಬ್ಬಳದೇ ಯಾಕೆ ಟೆಸ್ಟು ಮಾಡ್ಬೇಕು?”

ನನ್ನ ಜೊತೆ ನಿಲ್ಲುವುದಕ್ಕೆ ಕೊಟ್ಟರೋ, ತಮಗೂ ಭಯವಿದ್ದು ಕೊಟ್ಟರೋ, ನಾನು ಇವತ್ತಿಗೂ ಕೇಳಿಲ್ಲ. ಅವತ್ತು ಮಾತ್ರ ಆ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಇಬ್ಬರ ರಕ್ತದಲ್ಲೂ ಏನೂ ಇರಲಿಲ್ಲ. ಉಳಿದದ್ದು ಕ್ಯಾನ್ಸರಿನ ಗುಮಾನಿ. ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೆ ಡಾಕ್ಟರು ಗಂಭೀರವಾಗಿ ಎದುರು ಕೂತು, ಇದು ಟೀಬಿ, ಗಂಟಿನಲ್ಲೂ ಇದೆ, ಶ್ವಾಸಕೋಶದಲ್ಲೂ ಸ್ವಲ್ಪ ಇದೆ ಎಂದಾಗ ನಾನು ನಕ್ಕುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ಹೆಸರು ಗೊತ್ತಿರುವ ಕಾಯಿಲೆ. ಚಿಕ್ಕಂದಿನಿಂದ ಕಂಡಿರುವ ಕಾಯಿಲೆ. ಶತ್ರುವೇ ಆದರೂ ನಮ್ಮ ಕೇರಿಯವನು ಎಂಬಂತಹ ಸಂತೋಷ.

ಆ ಸಂತೋಷ ಮನೆಗೆ ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಯ ನರ್ಸು ಬರುವವರೆಗೆ ಮಾತ್ರ ಉಳಿಯಿತು. ಡೊಲೋರೆಸ್ ಎಂದು ಅವಳ ಹೆಸರು. ಮಧ್ಯವಯಸ್ಸಿನವಳು, ಮೃದು ಮಾತಿನವಳು, ಆದರೆ ಬಂದ ಕೆಲಸ ಬಿಟ್ಟು ಏಳುವವಳಲ್ಲ. ಮಾತ್ರೆಗಳನ್ನು ಮೇಜಿನ ಮೇಲಿಟ್ಟು, ಯಾರ ಜೊತೆ ಮುಚ್ಚಿದ ಕೋಣೆಯಲ್ಲಿ ಹೊತ್ತು ಕಳೆಯುತ್ತೀರಿ, ಎಲ್ಲರ ಹೆಸರೂ ಬೇಕು ಎಂದಳು. ಅವರನ್ನೆಲ್ಲ ಪರೀಕ್ಷೆ ಮಾಡಬೇಕಂತೆ.

“ನಾನು ಎಲ್ಲಿಗೂ ಹೋಗುವುದಿಲ್ಲ,” ಎಂದೆ.

“ಮೊದಲು ಎಲ್ಲರೂ ಹಾಗೇ ಹೇಳುತ್ತಾರೆ,” ಎಂದು ಪೆನ್ನು ಕೆಳಗಿಟ್ಟು ಕುಡಿಯಲು ನೀರು ಕೇಳಿದಳು. ನಾನು ಕೊಟ್ಟ ಸ್ಟೀಲಿನ ಲೋಟವನ್ನು ಬಾಯಿಗೆ ಕಚ್ಚಿಯೇ ಕುಡಿದಳು. ಅದೂ ಅವರ ತರಬೇತಿಯಲ್ಲೇ ಬರುತ್ತದೋ ಏನೋ ಎಂದುಕೊಂಡೆ. ಆದರೂ ಕುಡಿದಳಲ್ಲ. ನಾನು ಒಂದೊಂದಾಗಿ ಹೆಸರು ಹೇಳಿದೆ: ಗಂಡ, ಮಗಳು, ಡೇಕೇರಿನ ಮಿಸ್ಸು, ಸ್ನೇಹಿತೆ ವಾಸಂತಿ, ಮಿಸೆಸ್ ಹಾರ್ಗ್ರೋವ್. ಹೇಳುತ್ತ ಹೇಳುತ್ತ ನಾನು ಪೊಲೀಸಿನವರಿಗೆ ಸುಳಿವು ಕೊಡುವ ಚಾಡಿಕೋರಳಂತೆ ಅನಿಸಿತು.

“ನನಗೆ ಯಾರಿಂದ ಬಂತು?” ಎಂದು ಕೇಳಿದೆ. ಹಿಂದಿನ ವರ್ಷ ನಮ್ಮ ಮಾವ ಬಂದಿದ್ದಾಗ ಒಂದೇ ಸಮನೆ ಕೆಮ್ಮುತ್ತಿದ್ದರು. ಮಿಸೆಸ್ ಹಾರ್ಗ್ರೋವ್ ಕೂಡ ಕರವಸ್ತ್ರದೊಳಗೆ ಕೆಮ್ಮುತ್ತಿದ್ದರು. ನನ್ನ ಮನಸ್ಸು ಇವರಿಬ್ಬರ ನಡುವೆ ತಕ್ಕಡಿಯ ಹಾಗೆ ತೂಗುತ್ತಿತ್ತು.

“ಯಾರಿಂದಲೂ ಇರಬಹುದು. ಚಿಕ್ಕವಳಿದ್ದಾಗಲೇ ಒಳಗೆ ಸೇರಿ ಇಷ್ಟು ವರ್ಷ ಮಲಗಿದ್ದೂ ಇರಬಹುದು,” ಎಂದಳು ಡೊಲೋರೆಸ್. ಆ ಉತ್ತರ ನನಗೆ ಸಾಲಲಿಲ್ಲ.

ಚರ್ಮದ ಪರೀಕ್ಷೆಯಲ್ಲಿ ಅನಘಾಳ ಮುಂಗೈ ಕೆಂಪಗೆ ಊದಿಕೊಂಡಿತು. ಅವಳಿಗೆ ಕಾಯಿಲೆ ಎದ್ದಿರಲಿಲ್ಲ. ಆದರೆ ಬೀಜ ಒಳಗೆ ಹೋಗಿತ್ತು. ಏಳದಂತೆ ಅವಳೂ ದಿನಾ ಮಾತ್ರೆ ತಿನ್ನಬೇಕಾಯಿತು, ಪುಡಿ ಮಾಡಿ ಜಾಮಿನಲ್ಲಿ ಕಲಸಿ. ಈ ಇಡೀ ಕಥೆಯಲ್ಲಿ ನಾನು ನಿಜಕ್ಕೂ ಕುಸಿದದ್ದು ಆ ಪುಟ್ಟ ಕೈಯ ಊತ ನೋಡಿದ ದಿನ. ನನ್ನ ಮಾತ್ರೆಯ ಪ್ರಭಾವದಿಂದ ಮೂತ್ರ, ಬೆವರು, ಕಣ್ಣೀರು ಎಲ್ಲವೂ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಅಳುತ್ತ ಕೂತಿದ್ದವಳ ಸೆರಗು ನೋಡಿ ಅನಘಾ, “ಅಮ್ಮಾ, ಯು ಆರ್ ಕ್ರೈಯಿಂಗ್ ಆರೆಂಜ್ ಜ್ಯೂಸ್,” ಎಂದಳು. ಅತ್ತದ್ದು ಅರ್ಧಕ್ಕೇ ನಿಂತಿತು.

ಸುದ್ದಿ ಹೇಗೆ ಹಬ್ಬಿತೋ ಗೊತ್ತಿಲ್ಲ. ಸರಟೋಗಾದ ಒಬ್ಬರ ಮನೆಯಲ್ಲಿ ನಮ್ಮ ಕನ್ನಡದವರು ಆಗಾಗ ಸೇರುತ್ತಿದ್ದೆವು. ಆ ಮನೆಯಾಕೆ ಫೋನು ಮಾಡಿದರು. “ಈ ಸಲ ನೀವೇನೂ ಮಾಡ್ಕೊಂಡು ಬರ್ಬೇಡಿ. ಬರೋ ತೊಂದ್ರೇನೂ ತಗೋಬೇಡಿ. ರೆಸ್ಟು ತಗೊಳ್ರೀ.” ದನಿಯಲ್ಲಿ ಎಲ್ಲಿಯೂ ಮುಳ್ಳಿರಲಿಲ್ಲ. ನಾನು ಫೋನು ಇಟ್ಟ ಮೇಲೆ ಆ ಮಾತಿನ ಒಂದೊಂದು ಪದವನ್ನೂ ಬಿಚ್ಚಿ ನೋಡಿದೆ. ಹೇಳಿದವರು ಯಾರು? ವಾಸಂತಿಯೇ ಇರಬೇಕು ಎಂದು ತೀರ್ಮಾನಿಸಿದೆ, ಯಾಕೆಂದರೆ ಪರೀಕ್ಷೆಗೆ ಅವಳನ್ನು ಕರೆದಿದ್ದರು.

ಎರಡು ದಿನ ಕಳೆದು ವಾಸಂತಿಯೇ ಬಾಗಿಲು ಬಡಿದಳು. ಮೈಸೂರಿನವಳು, ಮನಸ್ಸಿಗೆ ಬಂದದ್ದನ್ನು ಮುಚ್ಚಿಡದವಳು. ಒಳಗೆ ಬಂದವಳೇ ತೋಳು ಚಾಚಿ ತೋರಿಸಿದಳು.

“ನೋಡ್ರೀ, ಏನೂ ಎದ್ದಿಲ್ಲ. ಕೋಪ ಬಂದಿತ್ತು ನಿಮ್ಮ ಮೇಲೆ, ಸುಳ್ಳು ಹೇಳಲ್ಲ. ನೀವೇ ಫೋನ್ ಮಾಡಿ ಹೇಳ್ಬೋದಿತ್ತು, ಆಫೀಸಿನೋರ ಬಾಯಲ್ಲಿ ಕೇಳ್ದೆ.”

“ಸರಟೋಗಾದವರಿಗೆ ನೀವು ಹೇಳಿದ್ದಾ?”

“ನಾನಾ? ನಿಮ್ಮೆಜಮಾನ್ರೇ ಅವರ ಮನೆಯೋರ ಹತ್ರ ಹೇಳ್ಕೊಂಡಿದ್ದು. ಪಾಪ, ಯಾರ ಹತ್ರಾನಾದ್ರೂ ಹೇಳ್ಬೇಕಲ್ಲ.” ಅವಳು ಅಡಿಗೆಮನೆಗೆ ನಡೆದು ಪಾತ್ರೆಯ ಮುಚ್ಚಳ ತೆಗೆದಳು. “ಏನು ಹುಳಿ? ಬಡಿಸ್ರೀ. ಡೊಲೋರೆಸ್ ಹೇಳಿದ್ಲು, ಊಟದಿಂದ ಏನೂ ಬರಲ್ವಂತೆ.”

ಅವಳು ಊಟ ಮಾಡುವಾಗ ನಾನು ಕಿಟಕಿಯ ಪಕ್ಕ ದೂರ ಕೂತು ನೋಡುತ್ತಿದ್ದೆ. ಎರಡನೆಯ ಸಲ ಹುಳಿ ಹಾಕಿಸಿಕೊಂಡಾಗ ಮಾತ್ರ ನನಗೆ ನಂಬಿಕೆ ಬಂತು.

ಮಿಸೆಸ್ ಹಾರ್ಗ್ರೋವ್ ಬೇರೆ ರೀತಿ. ಅವರು ಫೋನಿನಲ್ಲಿ ನಮಸ್ಕಾರವನ್ನೂ ಹೇಳಲಿಲ್ಲ. “ಕೌಂಟಿಯವರು ನನ್ನ ಮನೆಗೆ ಬಂದಿದ್ದರು. ನನ್ನ ಹೆಸರು ಕೊಟ್ಟದ್ದು ನೀವೇನಾ?”

“ಹೌದು.”

“ನಮ್ಮ ಮನೆತನದಲ್ಲಿ ಆ ಕಾಯಿಲೆ ಯಾರಿಗೂ ಇರಲಿಲ್ಲ. ನಿಮ್ಮ ದೇಶದಿಂದ ಬಂದದ್ದು ಅದು.”

ನಾನು ಏನಾದರೂ ಹೇಳುವ ಮೊದಲೇ ಫೋನು ಇಟ್ಟರು. ಅಲ್ಲಿಗೆ ಕೆಲಸ ಹೋಯಿತು ಎಂದುಕೊಂಡೆ.

ಆದರೆ ಅವರ ಕೈಬರಹದ ಕೆಲವು ಅಧ್ಯಾಯಗಳು ನನ್ನಲ್ಲೇ ಉಳಿದಿದ್ದವು. ಹೊರಗೆ ಹೋಗುವಂತಿಲ್ಲದ ಆ ವಾರಗಳಲ್ಲಿ, ಕಿಟಕಿ ತೆರೆದಿಟ್ಟು ಮಂಚದ ಮೇಲೆ ಒರಗಿ, ಅವನ್ನೇ ಓದಿದೆ. ರೆಜಿಮೆಂಟು ವಿಕ್ಸ್‌ಬರ್ಗಿನಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದ ಅಧ್ಯಾಯವದು. ಮಿಸಿಸಿಪ್ಪಿ ನದಿಯ ದಂಡೆಯ ಆ ಊರಿನಲ್ಲಿ, ಬಿಸಿಲಿಗೆ ಕಾದ ಮಣ್ಣಿನ ಕಂದಕದೊಳಗೆ ಅವರು ದಿನಗಟ್ಟಲೆ ಬಗ್ಗಿ ಕೂತಿದ್ದರು. ತಲೆ ಎತ್ತಿದರೆ ಗುಂಡು. ಬಟಾಣಿ ಹಿಟ್ಟಿನ ರೊಟ್ಟಿ, ಕೊನೆಕೊನೆಗೆ ಹೇಸರಗತ್ತೆಯ ಮಾಂಸ. ಕಂದಕದಲ್ಲಿದ್ದವರಿಗೆ ಸಮವಾಗಿ ಆಸ್ಪತ್ರೆಯಲ್ಲಿ ಜ್ವರ, ಭೇದಿ ಹಿಡಿದು ಮಲಗಿದವರು. ಆಯುಧ ಕೆಳಗಿಟ್ಟು ಶರಣಾದ ಮೇಲೆ, ಎರಡೂ ಕಡೆಯವರು ಕೈದಿಗಳನ್ನು ಅದಲುಬದಲು ಮಾಡಿಕೊಳ್ಳುವವರೆಗೆ ಮತ್ತೆ ಯುದ್ಧ ಮಾಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡು ಉತ್ತರದವರು ಅವರನ್ನು ಬಿಟ್ಟುಬಿಟ್ಟರು. ಅವರು ಗುಂಪುಗುಂಪಾಗಿ ಅಲಬಾಮಾದ ಕಡೆ ನಡೆದರು.

ಆ ನಡಿಗೆಯ ಬಗ್ಗೆ ಮಿಸೆಸ್ ಹಾರ್ಗ್ರೋವ್ ಬರೆದಿದ್ದ ಒಂದು ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ದಾರಿಯ ಊರುಗಳ ಜನ ಬಾಗಿಲ ಸಂದಿಯಿಂದ ಇವರನ್ನು ನೋಡುತ್ತಿದ್ದರಂತೆ. ಇವನು ಬಿಡುಗಡೆಯಾದವನೋ, ಓಡಿ ಬಂದವನೋ? ಗುಂಡಿನ ಗಾಯ ಇದ್ದವನು ಅಂಗಿ ಎತ್ತಿ ತೋರಿಸುತ್ತಿದ್ದ. ಜ್ವರ ಬಂದವನು ಏನು ತೋರಿಸಬೇಕು? ಅವರು ಯಾವ ಪಾಪವನ್ನು ಕಾಯುವುದಕ್ಕೆ ಬಂದೂಕು ಹಿಡಿದಿದ್ದರೆಂಬುದನ್ನು ನಾನು ಮರೆತಿರಲಿಲ್ಲ; ನನ್ನಂತಹ ಮೈಬಣ್ಣದವಳನ್ನು ಅವರು ಎಲ್ಲಿ ನಿಲ್ಲಿಸುತ್ತಿದ್ದರೆಂಬುದೂ ಗೊತ್ತಿತ್ತು. ಆದರೂ ಬಾಗಿಲ ಸಂದಿಯಿಂದ ನೋಡಿಸಿಕೊಳ್ಳುವುದು ಏನೆಂದು ಆ ವಾರ ನನಗೆ ಅವರಷ್ಟೇ ಚೆನ್ನಾಗಿ ತಿಳಿದಿತ್ತು.

ಮುಂದಿನ ಅಧ್ಯಾಯದಲ್ಲಿ ಕೈದಿಗಳ ಅದಲುಬದಲು ಮುಗಿದು ರೆಜಿಮೆಂಟು ಮತ್ತೆ ಕೂಡಿತು. ಕರೆದರೂ ಬಾರದವರು ಬಹಳ. ಬಂದವರು ಚಟ್ಟನೂಗದ ಗುಡ್ಡದಿಂದ ಓಡಬೇಕಾಯಿತು, ಜಾರ್ಜಿಯಾದ ಉದ್ದಕ್ಕೂ ಕಂದಕ ತೋಡುತ್ತ ಹಿಂದೆ ಸರಿಯಬೇಕಾಯಿತು. ನ್ಯಾಶ್‌ವಿಲ್ಲಿನ ಚಳಿಯ ಕದನದಲ್ಲಿ ಲೆಫ್ಟಿನೆಂಟ್ ಭುಜಕ್ಕೆ ಗುಂಡು ತಗುಲಿ ಸೆರೆ ಸಿಕ್ಕರು. ಅಲ್ಲಿಗೆ ಪುಟಗಳು ಮುಗಿದಿದ್ದವು.

ನನ್ನ ಕಫದಲ್ಲಿ ಇನ್ನು ಸೋಂಕಿಲ್ಲ, ಹೊರಗೆ ಓಡಾಡಬಹುದು ಎಂದು ಡೊಲೋರೆಸ್ ಹೇಳಿದ ಮೇಲೆ ಒಂದು ಬೆಳಿಗ್ಗೆ ಮಿಸೆಸ್ ಹಾರ್ಗ್ರೋವ್ ಮತ್ತೆ ಫೋನು ಮಾಡಿದರು. “ನನ್ನ ಎದೆಯ ಎಕ್ಸ್‌ರೇಯಲ್ಲಿ ಏನೋ ಕಂಡಿದೆ. ಪುಟಗಳನ್ನು ತೆಗೆದುಕೊಂಡು ಬನ್ನಿ,” ಎಂದರು. ಅಷ್ಟೇ.

“ಹೋಗ್ಬೇಡ ಕಣೇ,” ಎಂದರು ರಘು. “ನಿನ್ನಿಂದ್ಲೇ ಬಂತು ಅಂತ ಕೇಸ್ ಹಾಕ್ತಾರೆ. ಪಕ್ಕದಲ್ಲಿ ಲಾಯರ್‌ನ ಕೂರಿಸ್ಕೊಂಡಿರ್ತಾರೆ ನೋಡು.”

ನನಗೂ ಅದೇ ಅನಿಸಿತ್ತು. ಆದರೆ ಪುಟಗಳು ಅವರವು. ರಘು ನನ್ನನ್ನು ಕರೆದುಕೊಂಡು ಹೋಗಿ, ಮನೆಯ ಎದುರು ಕಾರು ನಿಲ್ಲಿಸಿಕೊಂಡು, ಕಾಲು ಗಂಟೆಯಲ್ಲಿ ಬರದಿದ್ದರೆ ಒಳಗೆ ಬರುತ್ತೇನೆ ಎಂದರು.

ಲಾಯರ್ ಇರಲಿಲ್ಲ. ಹಿತ್ತಲಿನ ಏಪ್ರಿಕಾಟ್ ಮರಗಳ ಕಡೆಯ ಕಿಟಕಿಗಳೆಲ್ಲ ತೆರೆದಿದ್ದವು. ಚಳಿಯಲ್ಲಿ ಮುದುಕಿ ಕೋಟು ಹಾಕಿಕೊಂಡು ಟೈಪ್‌ರೈಟರಿನ ಪಕ್ಕ ಕೂತಿದ್ದರು. ಮುಖ ಇಳಿದಿತ್ತು.

“ಹಳೆಯ ಕಲೆಯಂತೆ,” ಎಂದು ತಮ್ಮ ಎದೆ ಮುಟ್ಟಿ ತೋರಿಸಿದರು. “ಮಾಗಿ ಎಷ್ಟೋ ಕಾಲವಾಗಿದೆಯಂತೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗಿತ್ತು ಎಂದು ಡಾಕ್ಟರು ಕೇಳಿದರು. ಯಾರಿಗೂ ಇಲ್ಲ ಎಂದೆ. ಅದು ಸುಳ್ಳು.”

ನಾನು ಪುಟಗಳನ್ನು ಮೇಜಿನ ಮೇಲಿಟ್ಟೆ.

“ನನ್ನ ತಾಯಿ ಹಿಂದಿನ ಕೋಣೆಯಲ್ಲೇ ಇರುತ್ತಿದ್ದಳು. ಎದೆ ಬಲಹೀನ ಎನ್ನುತ್ತಿದ್ದರು. ನಾನು ಅವಳ ಹಾಸಿಗೆಯಲ್ಲಿ ನುಸುಳಿ ಮಲಗುತ್ತಿದ್ದೆ. ನನಗೆ ಹತ್ತು ತುಂಬುವ ಮೊದಲೇ ಹೋದಳು. ಅವಳಿಗೆ ಬಂದದ್ದು ಅವಳ ತಂದೆಯಿಂದ.”

“ಲೆಫ್ಟಿನೆಂಟ್?”

“ಗುಂಡು ತಗುಲಿದ್ದು ನಿಜ. ಆ ಗಾಯ ಒಣಗಿತ್ತು. ಸೆರೆಯಾದ ಮೇಲೆ ಉತ್ತರದಲ್ಲಿ ಒಂದು ಸರೋವರದ ದ್ವೀಪದಲ್ಲಿ ಇಟ್ಟಿದ್ದರು, ಹಿಮದಲ್ಲಿ. ಅಲ್ಲಿಂದ ಕೆಮ್ಮು ತಂದರು. ಕೆಮ್ಮುತ್ತಲೇ ಮದುವೆಯಾದರು, ಕೆಮ್ಮುತ್ತಲೇ ವರ್ಷಗಟ್ಟಲೆ ಬದುಕಿದರು. ಗಾಯದಿಂದ ಸತ್ತರು ಎಂದರೆ ಜನ ಗೌರವಕ್ಕೆ ಟೋಪಿ ತೆಗೆಯುತ್ತಿದ್ದರು, ಪದ್ಮಜಾ. ಕ್ಷಯ ಎಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಅದಕ್ಕೆ ನಮ್ಮ ಮನೆಯಲ್ಲಿ ಗಾಯ ಎಂದೇ ಹೇಳಿಕೊಂಡು ಬಂದೆವು.”

ಅವರು ಕಣ್ಣೊರೆಸಿಕೊಳ್ಳುವುದನ್ನು ನೋಡಿಯೂ ನನ್ನ ಮನಸ್ಸು ಕರಗಲಿಲ್ಲ. “ಹಾಗಾದರೆ ನನಗೆ ನಿಮ್ಮಿಂದ ಬಂತಾ?” ಎಂದು ಕೇಳಿದೆ.

“ನನ್ನ ಕಫದಲ್ಲಿ ಏನೂ ಸಿಗಲಿಲ್ಲ. ನನ್ನಿಂದ ಬಂದಿರಲಾರದು ಎನ್ನುತ್ತಾರೆ. ನಿಮ್ಮಿಂದ ನನಗೆ ಬಂದಿಲ್ಲ ಎಂಬುದಂತೂ ಖಂಡಿತ.” ಸ್ವಲ್ಪ ತಡೆದು, “ಆ ದಿನ ನಿಮ್ಮ ದೇಶದ ಬಗ್ಗೆ ನಾನು ಹಾಗೆ ಹೇಳಬಾರದಿತ್ತು,” ಎಂದರು. ಆಮೇಲೆ ಟೈಪ್‌ರೈಟರಿನ ಕಡೆ ಕೈ ತೋರಿಸಿದರು. “ಕೂತುಕೊಳ್ಳಿ. ಕೊನೆಯ ಅಧ್ಯಾಯ ಬದಲಾಯಿಸಬೇಕು. ಮೊದಲ ಚಳಿಗಾಲದ ದಡಾರವನ್ನೂ ಸೇರಿಸೋಣ. ಆ ಹುಡುಗರ ಹೆಸರುಗಳನ್ನೆಲ್ಲ ಹಾಕೋಣ.”

ಇದೂ ಎಷ್ಟು ದಿನದ ಮನಸ್ಸೋ ಎಂದುಕೊಂಡೇ ಹಾಳೆ ಸೇರಿಸಿದೆ. ಅವರು ಹೇಳಿದರು: ಲೆಫ್ಟಿನೆಂಟ್ ಗಾಯದಿಂದ ಸಾಯಲಿಲ್ಲ, ಸೆರೆಯಿಂದ ತಂದ ಕ್ಷಯದಿಂದ, ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಬಹಳ ವರ್ಷ ನರಳಿ ತೀರಿಕೊಂಡರು. ನಾನು ಟೈಪ್ ಮಾಡಿ ಕೈ ನಿಲ್ಲಿಸಿದೆ.

“ಅಷ್ಟು ವರ್ಷ ಅವರನ್ನು ನೋಡಿಕೊಂಡವರು ಯಾರು?”

ಈ ಸಲ ಅವರು ಆಳುಗಳು ಎನ್ನಲಿಲ್ಲ. “ವೈನಿ ಎಂದು ಒಬ್ಬಳಿದ್ದಳು. ಯುದ್ಧಕ್ಕೆ ಮೊದಲು ನಮ್ಮವರ ಗುಲಾಮಳು. ಬಿಡುಗಡೆಯಾದ ಮೇಲೂ ಅಲ್ಲೇ ಕೆಲಸಕ್ಕೆ ಉಳಿದಳು. ಅವರ ಕಫದ ಬಟ್ಟಲು ತೊಳೆಯುತ್ತಿದ್ದದ್ದು, ಎದೆಗೆ ಒರಗಿಸಿಕೊಂಡು ಗಂಜಿ ಕುಡಿಸುತ್ತಿದ್ದದ್ದು ಅವಳೇ ಎಂದು ಅಮ್ಮ ಹೇಳುತ್ತಿದ್ದಳು.”

“ಅವಳಿಗೂ ಬಂತಾ?”

ಮಿಸೆಸ್ ಹಾರ್ಗ್ರೋವ್ ನನ್ನನ್ನೇ ನೋಡಿದರು. ಪೆನ್ನನ್ನು ಮೇಜಿನ ಮೇಲಿಟ್ಟು, ಹೆಸರು ಹೇಳಿ, ಇನ್ನೂ ಯಾರು, ಇನ್ನೂ ಯಾರು ಎಂದು ಬಿಡದೆ ಕೂತಿದ್ದ ಡೊಲೋರೆಸ್ ನನಗೆ ನೆನಪಾದಳು. ಆ ದಿನ ಅದು ನನಗೆ ಅವಮಾನವಾಗಿ ಕಂಡಿತ್ತು.

“ಗೊತ್ತಿಲ್ಲ,” ಎಂದರು ಕೊನೆಗೆ. “ನಾನೂ ಕೇಳಲಿಲ್ಲ. ಯಾರೂ ಕೇಳಲಿಲ್ಲ.”

“ಅದನ್ನು ಹಾಕಲಾ?”

“ಹಾಕಿ.”

ಹಾಕಿದೆ. “ಮುಂದೆ?”

“ಮುಂದೆ ಏನೂ ಇಲ್ಲ. ನನಗೆ ಗೊತ್ತಿರುವುದು ಅಷ್ಟೇ.”

ಹೊರಗೆ ಬಂದಾಗ ಕಾಲು ಗಂಟೆ ಎಂದೋ ದಾಟಿತ್ತು. ರಘು ಕಾರಿನಿಂದ ಇಳಿದು ಮೆಟ್ಟಿಲ ಬಳಿ ನಿಂತಿದ್ದರು. ಬೆಲ್ಲು ಒತ್ತುವುದೋ ಬೇಡವೋ ಎಂದು ಕೈ ಅರ್ಧಕ್ಕೆ ಎತ್ತಿದ್ದರು.

ಆ ವರ್ಷ ಮುಗಿಯುವುದರೊಳಗೆ ನನ್ನ ಮಾತ್ರೆಗಳು ಮುಗಿದವು. ಅನಘಾಳದು ಇನ್ನೂ ಕೆಲವು ತಿಂಗಳು ನಡೆಯಿತು. ಅವಳಿಗೆ ಕಾಯಿಲೆ ಏಳಲಿಲ್ಲ, ಈಗ ಅವಳೂ ಒಬ್ಬ ತಾಯಿ. ಸರಟೋಗಾದ ಮನೆಗೆ ನಾವು ಮತ್ತೆ ಹೋದೆವು, ನಾನು ಹುಳಿ ಮಾಡಿಕೊಂಡೇ ಹೋದೆ. ಯಾರು ಹಾಕಿಕೊಂಡರು, ಯಾರು ಬಿಟ್ಟರು ಎಂದು ಕಣ್ಣಂಚಿನಲ್ಲಿ ನೋಡಿದೆ ಎಂದೂ ಹೇಳಬೇಕು. ನನಗೆ ಯಾರಿಂದ ಬಂತು ಎಂಬುದು ಕೊನೆಗೂ ತಿಳಿಯಲಿಲ್ಲ. ಮಾವನ ಎಕ್ಸ್‌ರೇ ಬೆಂಗಳೂರಿನಲ್ಲಿ ತೆಗೆಸಿದರು, ಏನೂ ಇರಲಿಲ್ಲ. ಕಾರಿನೊಳಗೆ ಕೂತು ಮಾತಾಡಿದ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ಯಾರಿಂದ ಬಂತು ಎಂದು ಹುಡುಕುತ್ತ ಮಾತ್ರೆ ಮರೆಯಬೇಡ, ನರ್ಸು ಬಂದು ಹೆಸರು ಕೇಳಿದರೆ ಎಲ್ಲರದನ್ನೂ ಹೇಳು. ಕೆಲಸದವಳದನ್ನೂ ಹೇಳು.

ಮಿಸೆಸ್ ಹಾರ್ಗ್ರೋವ್ ಅವರ ಪುಸ್ತಕ ಅಚ್ಚಾಗಿ ಅಂಚೆಯಲ್ಲಿ ಬಂದಾಗ ನಾನು ನಿಂತಲ್ಲೇ ಕೊನೆಯ ಅಧ್ಯಾಯ ತೆರೆದೆ. ಅವರ ಬಂಧುಗಳಲ್ಲಿ ಯಾರಾದರೂ ಆ ಸಾಲುಗಳನ್ನು ಹೊಡೆದುಹಾಕಿಸಿರುತ್ತಾರೆ, ಇಲ್ಲವೇ ಅವರೇ ಮನಸ್ಸು ಬದಲಾಯಿಸಿರುತ್ತಾರೆ ಎಂಬ ಗುಮಾನಿ ನನ್ನನ್ನು ಬಿಟ್ಟಿರಲಿಲ್ಲ. ಯಾರೂ ಹೊಡೆದಿರಲಿಲ್ಲ. ನಾನು ಟೈಪ್ ಮಾಡಿದ ಹಾಗೆಯೇ ಇತ್ತು: ವೈನಿ ಎಂಬ ಹೆಂಗಸು ಅವರ ಆರೈಕೆ ಮಾಡಿದಳು. ಅವಳಿಗೆ ಆ ಕಾಯಿಲೆ ತಗುಲಿತೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.